ರಾಜೀವಿಯಕ್ಕ ಇಳಿಸಿದ ಒಂದೂಮುಕ್ಕಾಲು ಮಣ

ಪೈವಳಿಕೆಯಲ್ಲಿ ನನ್ನ ಅಕ್ಕ ರಾಜೀವಿಯನ್ನು ನೆನಪಿಟ್ಟುಕೊಂಡವರು ಈಗಲೂ 'ಬೆಳಿಗ್ಗೆ ನಡೆಯುವ ಅಕ್ಕೆ' ಎಂದೇ ಹೇಳುವುದು. ಸಂತೆಗೋ ಕೋರ್ಟಿಗೋ ಸಾವಿನ ಮನೆಗೋ ಅಲ್ಲದೆ ಯಾರೂ ಸುಮ್ಮನೆ ನಡೆಯದಿದ್ದ ಕಾಲವದು. ಆ ಕಾಲದಲ್ಲಿ ಆರೂವರೆ ಮಣದ ಹೆಂಗಸೊಬ್ಬಳು ದಿನಾ ಗುಡ್ಡೆ ಹತ್ತಿ ಇಳಿದು ಒಂದು ವರ್ಷದೊಳಗೆ ನಾಲ್ಕೂಮುಕ್ಕಾಲು ಮಣವಾದಳು ಎಂದರೆ ಊರಿಗೆ ಅದೊಂದು ಕತೆ. (ನಮ್ಮ ಮಣವೆಂದರೆ ಇಪ್ಪತ್ತೆಂಟು ರಾತಲು. ಬೇರೆ ಊರಿನ ಮಣದಲ್ಲಿ ಲೆಕ್ಕ ಹಾಕಿ ಗಾಬರಿಯಾಗಬೇಡಿ.) ಕತೆಯ ಕೊನೆಗೆ ಎಲ್ಲರೂ ಒಂದು ಮಾತು ಸೇರಿಸುತ್ತಾರೆ: "ಎಲ್ಲ ಲೋಕನಾಥ ಆಳ್ವರ ಪುಣ್ಯ. ಹೆಂಡತಿಗೋಸ್ಕರ ಅಷ್ಟು ಮಾಡಿದ ಗಂಡ ಬೇರೆ ಯಾರುಂಟು?" ಅದನ್ನು ಕೇಳಿದಾಗಲೆಲ್ಲ ನನಗೆ ಅಡಿಯಿಂದ ಮುಡಿಯವರೆಗೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಲೋಕನಾಥ ಆಳ್ವರು ನನ್ನ ಭಾವ. ಇಷ್ಟೆಲ್ಲ ಆದ ಮೇಲೂ ಅವರಿಗೆ ಬಹುವಚನ ಕೊಟ್ಟೇ ಬರೆಯುತ್ತೇನೆ. ಕೈಗೆ ಅದೇ ಅಭ್ಯಾಸ.

ಅಕ್ಕ ಹುಟ್ಟಿನಿಂದ ತೋರ ಇದ್ದವಳಲ್ಲ. ನಮ್ಮ ತವರು ಅಡೂರಿನ ಹತ್ತಿರ. ಅಲ್ಲಿ ಪಯಸ್ವಿನಿ ಹೊಳೆಯನ್ನು ಅವಳು ಮಳೆಗಾಲದ ಕೆಂಪು ನೀರಿನಲ್ಲೇ ಈಜಿ ದಾಟುತ್ತಿದ್ದಳು. ನಾನು ಅವಳಿಗಿಂತ ಎಂಟು ವರ್ಷ ಸಣ್ಣವಳು, ಅವಳ ಬೆನ್ನಿಗೆ ಅಂಟಿಕೊಂಡು ಹೊಳೆ ದಾಟಿದ ನೆನಪು ನನಗಿದೆ. ಹದಿನೇಳಕ್ಕೆ ಮದುವೆಯಾಗಿ ಪೈವಳಿಕೆಗೆ ಹೋದಳು. ಮಕ್ಕಳಾಗಲಿಲ್ಲ. ಭಾವ ಬೈಯುವವರಲ್ಲ, ಹೊಡೆಯುವವರಲ್ಲ; ನೋಡುವವರೂ ಅಲ್ಲ. ಚಾವಡಿಯ ಕಂಬವನ್ನು ನೋಡಿದ ಹಾಗೆ ಅವಳನ್ನು ದಾಟಿಕೊಂಡು ಹೋಗುತ್ತಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಅವಳಿಗೆ ಒಟ್ಟಿಗಿದ್ದದ್ದು ಅಡುಗೆಕೋಣೆ ಒಂದೇ. ಉಳಿದ ಅನ್ನ ಹಾಳಾಗಬಾರದು, ಎಲೆಯಲ್ಲಿ ಬೇಯಿಸಿದ ಗಟ್ಟಿ ಉಳಿದು ಹಳಸಬಾರದು ಎಂದು ತಿಂದಳು. ಬೇಸರಕ್ಕೆ ತಿಂದಳು. ಹದಿನೆಂಟು ವರ್ಷ ಹಾಗೆ ತಿಂದರೆ ಯಾರಾದರೂ ತೋರವಾಗುತ್ತಾರೆ.

1949ರ ಮಳೆಗಾಲದ ಕೊನೆಗೆ, ಸೋಣ ತಿಂಗಳ ಒಂದು ಬೆಳಿಗ್ಗೆ ಕಟ್ಟಿಗೆ ತರಲು ಹೋದವಳ ಕಾಲಿಗೆ ಕನ್ನಡಿ ಹಾವು ಕಚ್ಚಿತು. ನಾನು ಆಗ ಗಂಡ ತೀರಿಕೊಂಡು ತವರಿಗೆ ಬಂದು ಕೂತಿದ್ದೆ. ಸುದ್ದಿ ಬಂದ ಮರುದಿನ ಓಡಿ ಹೋದೆ. ವಿಷವೈದ್ಯರು ಮೂರು ದಿನ ಏನೂ ಹೇಳಲಿಲ್ಲ, ನಾಲ್ಕನೆಯ ದಿನ "ಇನ್ನು ಹೆದರಿಕೆ ಇಲ್ಲ" ಎಂದರು. ಅಕ್ಕ ಉಳಿದಳು, ನಾನೂ ಅವಳ ಮನೆಯಲ್ಲೇ ಉಳಿದೆ. ಗಾಯ ಮಾಗಿ ಎದ್ದು ಓಡಾಡಲು ತಿಂಗಳುಗಳೇ ಹಿಡಿದವು. ಭಾವ ಮೊದಲಿನಂತೆಯೇ ಇದ್ದರು. ದಿನಕ್ಕೊಮ್ಮೆ "ಹೇಗುಂಟು?" ಎಂದು ಕೇಳಿ ಉತ್ತರ ಬರುವ ಮೊದಲೇ ತೋಟಕ್ಕೆ ಇಳಿಯುತ್ತಿದ್ದರು.

ಇದ್ದಕ್ಕಿದ್ದಂತೆ ಅವರು ಬದಲಾದದ್ದು ಮರುವರ್ಷದ ಮಳೆ ಮುಗಿದ ಮೇಲೆ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಉಪ್ಪಳದ ಕಡೆಯ ದಲ್ಲಾಳಿ ಒಬ್ಬ ಬಂದು, ಚಾವಡಿಯಲ್ಲಿ ಕೂತು ಎಳನೀರು ಕುಡಿದು, ಸಮುದ್ರದಾಚೆ ಎಲ್ಲೋ ಯುದ್ಧವಂತೆ, ಒಳ್ಳೆಮೆಣಸಿಗೆ ಬಂಗಾರದ ಕಾಲ ಬಂತು ಎಂದು ಹೇಳಿ ಹೋದ. ಕರಿಮೆಣಸಿಗೆ ನಮ್ಮ ಕಡೆ ಒಳ್ಳೆಮೆಣಸು ಎನ್ನುತ್ತೇವೆ. ಭಾವನ ತೋಟದಲ್ಲಿ ಅದರ ಬಳ್ಳಿ ಹಬ್ಬದ ಮರವಿರಲಿಲ್ಲ. ಸಂತೋಷಪಡಬೇಕಾದವರು ಮಧ್ಯಾಹ್ನ ಊಟಕ್ಕೆ ಕೂತು ಅನ್ನ ಕಲಸುವುದನ್ನೂ ಮರೆತು ಅಕ್ಕನನ್ನೇ ನೋಡುತ್ತಿದ್ದರು. ಅಡಿಯಿಂದ ಮುಡಿಯವರೆಗೆ. ಅಕ್ಕ ನಾಚಿ ಸಾರಿನ ಪಾತ್ರೆ ಹಿಡಿದು ಒಳಗೆ ಹೋದಳು.

ಸಂಜೆ ಭಾವ ಅವಳನ್ನು ಚಾವಡಿಗೆ ಕರೆದರು.

"ರಾಜೀವಿ, ನೀನು ಹೀಗೇ ಆದರೆ ಒಂದು ದಿನ ಎದೆ ನಿಂತು ಹೋಗುತ್ತದೆ. ಮಂಗಳೂರಿನಲ್ಲಿ ಡಾಕ್ಟರರ ಹತ್ತಿರ ಕೇಳಿದ್ದೇನೆ. ಹಾವಿನ ಬಾಯಿಯಿಂದ ತಪ್ಪಿಸಿಕೊಂಡು ಬಂದವಳು ನೀನು. ಇನ್ನು ಕಳಕೊಳ್ಳಲಿಕ್ಕೆ ನನಗೆ ಆಗುವುದಿಲ್ಲ. ಸಪೂರ ಆಗು. ನಾನೂ ಒಟ್ಟಿಗೆ ನಡೆಯುತ್ತೇನೆ. ನನಗೆ ನೀನು ಬೇಕು."

ಒಳಗೆ ಬಂದ ಅಕ್ಕ ಅಕ್ಕಿಯ ಮರದ ಪೆಟ್ಟಿಗೆಗೆ ಒರಗಿ ಅತ್ತಳು. ನಾನು ಹೆದರಿ ಎಂತ ಆಯಿತು ಎಂದು ಕೇಳಿದೆ.

"ಎಂತದೂ ಇಲ್ಲ ಪಂಕಜಾ," ಎಂದಳು. "ಹದಿನೆಂಟು ವರ್ಷದಲ್ಲಿ ಇವತ್ತು ಮೊದಲ ಸಲ 'ನೀನು ಬೇಕು' ಅಂದರು."

ಮರುದಿನವೇ ಶುರು. ಚಾವಡಿಯ ತೊಲೆಗೆ ಮೆಣಸು ತೂಗುವ ದೊಡ್ಡ ತಕ್ಕಡಿಯನ್ನು ತೂಗುಹಾಕಿದ್ದರು. ಎರಡು ಹಲಗೆ, ನಾಲ್ಕು ನಾಲ್ಕು ಹಗ್ಗ. ಒಂದು ಹಲಗೆಯ ಮೇಲೆ ಅಕ್ಕನನ್ನು ಕೂರಿಸಿದರು. ಇನ್ನೊಂದಕ್ಕೆ ಭಾವ ಮಣದ ಕಬ್ಬಿಣದ ಕಲ್ಲುಗಳನ್ನಿಟ್ಟು, ಮೇಲಿನ ಒಂದೆರಡು ಮಣವನ್ನು ಹೊಳೆಯಿಂದ ತಂದ ಉರುಟು ಕಲ್ಲುಗಳಿಂದ ಸರಿದೂಗಿಸಿದರು. ಆರೂವರೆ ಮಣ. ಅಕ್ಕ ಮುಖ ಮುಚ್ಚಿಕೊಂಡಳು. ಭಾವ ನಗಲಿಲ್ಲ, ಗೇಲಿ ಮಾಡಲಿಲ್ಲ. "ಪ್ರತಿ ಸಂಕ್ರಮಣಕ್ಕೆ ತೂಗುವ. ಎಷ್ಟು ಇಳಿಯುತ್ತದೋ ಅಷ್ಟು ಹೊಳೆಕಲ್ಲು ತೆಗೆದು ಈ ಚೀಲದಲ್ಲಿ ಹಾಕುವ. ನಿನ್ನ ಮೈಯಿಂದ ಹೋದದ್ದು ನಿನ್ನ ಕಣ್ಣೆದುರು ಇರಲಿ. ಆಗ ಮನಸ್ಸು ಸೋಲುವುದಿಲ್ಲ," ಎಂದರು. ದಪ್ಪ ಬಟ್ಟೆಯ ಆ ಚೀಲ ಹೊಲಿದವಳು ನಾನೇ. ಎಂಥ ಒಳ್ಳೆಯ ಉಪಾಯ ಎಂದು ಮನಸ್ಸಿನಲ್ಲೇ ಭಾವನನ್ನು ಹೊಗಳಿದ್ದೆ ಕೂಡ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಅವಳ ದಿನ ಹೀಗೆ ಬದಲಾಯಿತು. ಕೋಳಿ ಕೂಗುವಾಗ ಎದ್ದು ಭಾವನ ಹಿಂದೆ ಗದ್ದೆಯ ಕಟ್ಟಪುಣಿಯಲ್ಲಿ ನಡೆದು, ಮುರಕಲ್ಲಿನ ಗುಡ್ಡೆ ಹತ್ತಿ, ತುದಿಯ ಕಾಸರಕನ ಮರ ಮುಟ್ಟಿ ಬರುವುದು. ಬಂದು ಹುರುಳಿ ಬೇಯಿಸಿದ ನೀರು. ಮಧ್ಯಾಹ್ನ ಒಂದು ಸೌಟು ಕುಚ್ಚಲಕ್ಕಿ ಅನ್ನ, ಬಸಳೆ, ಸಿಕ್ಕಿದರೆ ಎರಡು ಬೂತಾಯಿ ಮೀನು. ರಾತ್ರಿ ತಿಳಿಗಂಜಿ. ಕಡೆಯುವ ಕಲ್ಲಿನ ಕೆಲಸ ಪೂರ್ತಿ ಅವಳದ್ದೇ, ಬಾವಿಯ ನೀರೂ ಅವಳದ್ದೇ. ಬೆಲ್ಲದ ಭರಣಿಯ ಕೋಣೆಯ ಕೀಲಿಕೈ ನನ್ನ ಸೊಂಟದಲ್ಲಿ.

ಮೊದಲ ವಾರ ಕಾಸರಕನ ಮರ ದೂರವೇ ಉಳಿಯಿತು. ಗುಡ್ಡೆಯ ಅರ್ಧಕ್ಕೆ ಕೂತು ಬಿಡುತ್ತಿದ್ದಳು, ಮುಖ ನೇರಳೆ ಬಣ್ಣ, ಉಸಿರು ತಿದಿ ಊದಿದ ಹಾಗೆ. ಭಾವ ಅವಳ ಹತ್ತಿರ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದರು. "ಇವತ್ತು ಇಲ್ಲಿ ವರೆಗೆ. ನಾಳೆ ಆ ಗೇರುಮರದ ವರೆಗೆ. ಆತುರ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಅಕ್ಕ ಮನೆಗೆ ಬಂದು ಆ ಮಾತುಗಳನ್ನೆಲ್ಲ ಒಂದೂ ಬಿಡದೆ ನನಗೆ ಒಪ್ಪಿಸುತ್ತಿದ್ದಳು. ದಾರಿಯಲ್ಲಿ ಭಾವ ತಮ್ಮ ಸಣ್ಣಂದಿನ ಕತೆ ಹೇಳಿದರಂತೆ. ಅವಳ ಹೊಳೆ ಈಜಿನ ಕತೆ ಕೇಳಿದರಂತೆ. "ಇವರು ಇಷ್ಟು ಮಾತಾಡುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದು ಬೆರಗಾಗುತ್ತಿದ್ದಳು. ಹಸಿವು ತಡೆದುಕೊಂಡದ್ದು, ಕಾಲು ಊದಿಕೊಂಡರೂ ಎದ್ದದ್ದು ಎಲ್ಲ ಆ ಮಾತುಗಳಿಗೋಸ್ಕರ. ಹುರುಳಿನೀರು ಕುಡಿದು ಯಾರೂ ಒಂದು ವರ್ಷ ಗುಡ್ಡೆ ಹತ್ತುವುದಿಲ್ಲ. ಅವಳು ಹತ್ತಿದ್ದು ಒಬ್ಬರು ಒಟ್ಟಿಗಿದ್ದಾರೆ ಎಂದು.

ಮೊದಲ ಮೂರು ಸಂಕ್ರಮಣಕ್ಕೆ ಕಲ್ಲು ಸರಸರ ಚೀಲಕ್ಕೆ ಬಿದ್ದವು. ನಾಲ್ಕನೆಯದಕ್ಕೆ ತಕ್ಕಡಿ ಅಲ್ಲಾಡಲಿಲ್ಲ. ಐದನೆಯದಕ್ಕೆ ಮೊದಲು ಹತ್ತಿರದ ಬಾಯಾರು ಎಂಬ ಊರಿನಲ್ಲಿ ಒಂದು ಮದುವೆ. ಅಲ್ಲಿ ನಮ್ಮ ಜನ ಸುಮ್ಮನೆ ಬಿಡುತ್ತಾರೆಯೇ? "ಎಂತ ರಾಜೀವಿ, ಗಂಡನ ಮನೆಯಲ್ಲಿ ಅನ್ನಕ್ಕೆ ಬರವಾ?" ಎಂದು ನಗಾಡಿ, ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿನಿಂದ ಬಡಿಸಿದರು. ಅಕ್ಕ ಸೋತಳು. ಕೋರಿರೊಟ್ಟಿ ಎರಡು ಸಲ, ಪಾಯಸ ಮೂರು ಸಲ. ಆಮೇಲೆ ಮನೆಯಲ್ಲೂ ನನ್ನ ಸೊಂಟದ ಕೀಲಿಕೈ ನಾನು ಸ್ನಾನಕ್ಕೆ ಹೋದಾಗಲೆಲ್ಲ ಮಾಯವಾಗಿ ಮತ್ತೆ ಪ್ರತ್ಯಕ್ಷವಾಗತೊಡಗಿತು. ಸಂಕ್ರಮಣದ ದಿನ ಅವಳು ಹಲಗೆಯ ಮೇಲೆ ಕೂತರೆ ಚೀಲದಿಂದಲೇ ಎರಡು ಕಲ್ಲು ವಾಪಸು ತೆಗೆದು ತಕ್ಕಡಿಗೆ ಇಡಬೇಕಾಯಿತು.

ಭಾವನ ಮುಖ ಸಾವಿನ ಸುದ್ದಿ ಕೇಳಿದವರ ಹಾಗಾಯಿತು. ಆ ಎರಡು ಕಲ್ಲುಗಳನ್ನು ಕೈಯಲ್ಲಿ ಹಿಡಿದು ತೂಗಿ ತೂಗಿ ನೋಡಿ ತೋಟಕ್ಕೆ ಹೋದರು. ಮಧ್ಯಾಹ್ನ ಊಟ ಮಾಡಲಿಲ್ಲ.

"ನೋಡು ಪಂಕಜಾ," ಎಂದಳು ಅಕ್ಕ, ಕಣ್ಣು ತುಂಬಿಕೊಂಡು. "ನನಗೆ ಎಂತಾದರೂ ಆದರೆ ಅಂತ ಎಷ್ಟು ಹೆದರಿದ್ದಾರೆ! ನಾನು ನಾಲಗೆಗೆ ಸೋತು ಇವರ ಹೊಟ್ಟೆ ಉರಿಸಿದೆನಲ್ಲ."

ಅಂದಿನಿಂದ ಅವಳಿಗೆ ಯಾರ ಕಾವಲೂ ಬೇಕಾಗಲಿಲ್ಲ. ಕೀಲಿಕೈಯನ್ನು ನಾನು ಕಂಬಕ್ಕೆ ನೇತುಹಾಕಿದರೂ ಮುಟ್ಟಲಿಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ಮನೆಯೆಲ್ಲ ಘಮಘಮ ಎನ್ನುವಾಗ ಚಾವಡಿಗೆ ಹೋಗಿ ಆ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟು, ಮತ್ತೆ ಎತ್ತಿ, "ಇದನ್ನು ಪುನಃ ಹೊರಬೇಕಾ?" ಎಂದು ತನಗೆ ತಾನೇ ಕೇಳಿ ಹಿಂದೆ ಬರುತ್ತಿದ್ದಳು. ಮಳೆಗಾಲದಲ್ಲಿ ಓಲೆಕೊಡೆ ಹಿಡಿದು ನಡೆದರು. ಭಾವ ನೆಗಡಿಯಾದ ದಿನವೂ ತಪ್ಪಿಸಲಿಲ್ಲ. ಅದನ್ನೂ ನಾನು ಪ್ರೀತಿ ಎಂದೇ ಓದಿಕೊಂಡೆ.

ಸೋಣ ತಿಂಗಳ ಒಂದು ಬೆಳಿಗ್ಗೆ ನಾನೂ ಜೊತೆಗೆ ಹೋಗಿದ್ದೆ. ಗುಡ್ಡೆಯ ಬುಡದ ತೋಡು ತುಂಬಿ ಹರಿಯುತ್ತಿತ್ತು, ದಾಟುವ ಸಂಕದ ಮರ ಕೊಚ್ಚಿ ಹೋಗಿತ್ತು. ಭಾವ ಉದ್ದ ಕಾಲು ಹಾಕಿ ಆಚೆ ದಾಟಿ, ತಿರುಗಿ ಕೈ ಚಾಚಿದರು. ಅಕ್ಕ ಆ ಕೈಯನ್ನು ನೋಡಿದಳು, ತೋಡನ್ನು ನೋಡಿದಳು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಾಲ್ಕು ಹೆಜ್ಜೆ ಹಿಂದೆ ಬಂದು ಓಡಿ ಹಾರಿದಳು. ಆಚೆ ದಡದಲ್ಲಿ ಭಾವನಿಗಿಂತ ಒಂದು ಮಾರು ಮುಂದೆ ಬಿದ್ದು, ಎದ್ದು ನಿಂತು, ಗುಡ್ಡೆಗೆಲ್ಲ ಕೇಳುವ ಹಾಗೆ ನಕ್ಕಳು. ಹೊಳೆ ಈಜುತ್ತಿದ್ದ ನನ್ನ ಅಕ್ಕ ಅಲ್ಲಿ ನಿಂತಿದ್ದಳು. ನನಗೆ ಅಳು ಬಂತು. ಭಾವನೂ ನಗುತ್ತಿದ್ದರು.

ಕನ್ಯಾ ಸಂಕ್ರಮಣಕ್ಕೆ ತೂಗಿದಾಗ ನಾಲ್ಕೂಮುಕ್ಕಾಲು ಮಣ. ಚೀಲದಲ್ಲಿ ಒಂದೂಮುಕ್ಕಾಲು. ಭಾವ ತಕ್ಕಡಿಯ ಹಗ್ಗ ಬಿಚ್ಚುತ್ತಾ "ಸಾಕು, ಇಷ್ಟು ಸಾಕು" ಎಂದರು.

ಅದಾಗಿ ಮೂರು ವಾರಕ್ಕೆ ಬಿಸಿಲು ಬಂತೆಂದು ಕೂಡಿಟ್ಟಿದ್ದ ಮೆಣಸನ್ನು ಅಂಗಳಕ್ಕೆ ತೆಗೆದು ಒಣಗಿಸಿದೆವು. ನಮ್ಮ ಕೆಲಸದ ಚನಿಯ ಒಣಗಿದ್ದನ್ನು ಗೋಣಿಗೆ ತುಂಬಿಸುತ್ತಿದ್ದ. ಭಾವನ ಅಪ್ಪನ ಕಾಲದಿಂದ ಆ ಮನೆಯಲ್ಲೇ ದುಡಿದ ಮುದುಕ ಅವನು. ಹಾವು ಕಚ್ಚಿದ ದಿನ ಅಕ್ಕನನ್ನು ಎತ್ತಿ ತಂದ ನಾಲ್ವರಲ್ಲಿ ಅವನೂ ಒಬ್ಬ. ಒಂದು ಗೋಣಿಯನ್ನು ಮಾತ್ರ ತೂಗಿ, ಬಾಯಿ ಹೊಲಿದು, ಅರಿಶಿನದ ಬೊಟ್ಟಿಟ್ಟು ಬೇರೆ ನಿಲ್ಲಿಸಿದ. ಅದು ಯಾಕೆ ಬೇರೆ ಎಂದು ಕೇಳಿದೆ.

"ಅದು ದೇವರದ್ದಲ್ಲವಾ ಅಕ್ಕೇ. ರಾಜೀವಿ ಅಕ್ಕೆಯ ತುಲಾಭಾರಕ್ಕೆ. ಬರುವ ಸಂಕ್ರಮಣಕ್ಕಂತೆ."

"ಯಾವ ತುಲಾಭಾರ?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಂತ, ನಿಮಗೆ ಗೊತ್ತಿಲ್ಲವಾ? ಹಾವು ಕಚ್ಚಿದ ದಿನ ಧನಿಗಳು ಇದೇ ಅಂಗಳದಲ್ಲಿ ನಿಂತು ದೇವಸ್ಥಾನದ ಕಡೆಗೆ ಕೈ ಮುಗಿದು ಹೇಳಿದ್ದು. 'ಇವಳು ಉಳಿದರೆ ಇವಳ ತೂಕದ ಒಳ್ಳೆಮೆಣಸು ಹಾಕಿ ತುಲಾಭಾರ ಮಾಡಿಸುತ್ತೇನೆ' ಅಂತ. ನಾವೆಲ್ಲ ಇದ್ದೆವು. ಆಗ ಮೆಣಸಿಗೆ ಎಂತ ಕ್ರಯ ಇತ್ತು? ಈಗ ಚಿನ್ನ." ಅವನು ಗೋಣಿಯ ಬೆನ್ನು ತಟ್ಟಿದ. "ನಾಲ್ಕೂಮುಕ್ಕಾಲು ಸಾಕು ಅಂತ ಧನಿಗಳು ಹೇಳಿದರು. ಮೊದಲಾದರೆ ಈ ಗೋಣಿಯಲ್ಲಿ ಎಲ್ಲಿ ಹಿಡಿಯುತ್ತಿತ್ತು!"

ಅವನು ನಗುತ್ತಿದ್ದ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗೊತ್ತಿರುವ ಸಂಗತಿ ಎಂದೇ ಅವನ ಎಣಿಕೆ. ನನ್ನ ಹಿಂದೆ ಗೆರಸೆ ಕೆಳಗಿಟ್ಟ ಶಬ್ದವಾಯಿತು. ತಿರುಗಿದರೆ ಅಕ್ಕ.

ನನ್ನ ತಲೆಯೊಳಗೆ ಎಲ್ಲ ಒಂದರ ಹಿಂದೆ ಒಂದು ಬಂದು ಕೂತಿತು. ದಲ್ಲಾಳಿ ಬಂದ ದಿನ. ಊಟಕ್ಕೆ ಕೂತು ಅವಳನ್ನು ಅಳೆದ ಕಣ್ಣು. ಸಂಕ್ರಮಣ ಸಂಕ್ರಮಣಕ್ಕೆ ತೂಕ. ಎರಡು ಕಲ್ಲು ವಾಪಸು ಬಂದಾಗ ಸತ್ತ ಮುಖ. ನನ್ನ ಭಾವನಿಗೆ ದೇವರಿಗೆ ಕೊಡದೆ ಇರುವಷ್ಟು ಧೈರ್ಯವಿಲ್ಲ, ಕೊಡುವಷ್ಟು ಮನಸ್ಸೂ ಇಲ್ಲ. ನಾಲ್ಕು ಜನರ ಎದುರು ಆಡಿದ ಮಾತನ್ನು ಬದಲಿಸುವ ಹಾಗಿಲ್ಲ. ಮೆಣಸಿನ ಬದಲು ತೆಂಗಿನಕಾಯಿ ಇಡುವ ಹಾಗೂ ಇಲ್ಲ. ಬದಲಿಸಬಹುದಾದದ್ದು ಒಂದೇ ಉಳಿದಿತ್ತು, ನನ್ನ ಅಕ್ಕ. ಅವಳ ಬೆಲ್ಲಕ್ಕೆ ಬೀಗ ಹಾಕಿ ಕಾದ ನಾನು ಆ ಮೋಸದ ಸಂಬಳವಿಲ್ಲದ ಆಳು.

"ಈಗಲೇ ಹೋಗಿ ಕೇಳುತ್ತೇನೆ" ಎಂದೆ. ಅಕ್ಕ ನನ್ನ ರಟ್ಟೆ ಹಿಡಿದಳು.

"ನೀನು ಕೇಳಬೇಡ. ನಾನು ಕೇಳುತ್ತೇನೆ."

ಮರುದಿನ ಬೆಳಿಗ್ಗೆ ಎಂದಿನಂತೆ ಇಬ್ಬರೂ ನಡೆಯಲು ಹೊರಟರು. ಬಂದ ಮೇಲೆ ಅವಳು ಹೇಳಿದ್ದು ಇಷ್ಟು. ಕಾಸರಕನ ಮರದ ಬುಡದಲ್ಲಿ ಅವಳು, "ನೀವು ನನ್ನನ್ನು ಸಪೂರ ಮಾಡಿದ್ದು ಯಾಕೆ?" ಎಂದು ಕೇಳಿದಳಂತೆ. ನಿಜ ಹೇಳಲು ಅವಕಾಶ ಕೊಟ್ಟಳು, ನೋಡಿ. ಹೇಳಿದ್ದರೆ ಅವಳು ಕ್ಷಮಿಸುತ್ತಿದ್ದಳು. ನನ್ನ ಅಕ್ಕನನ್ನು ನಾನು ಬಲ್ಲೆ. ನಕ್ಕೂ ಬಿಡುತ್ತಿದ್ದಳು. ಭಾವ ಅವಳ ಬೆನ್ನ ಮೇಲೆ ಕೈಯಿಟ್ಟು, "ಇದೆಂತ ಪ್ರಶ್ನೆ ಮಾರಾಯ್ತಿ? ನಿನ್ನ ಆರೋಗ್ಯಕ್ಕಲ್ಲವಾ? ನನಗೆ ಬೇರೆ ಯಾರುಂಟು?" ಎಂದರಂತೆ.

"ಆ ಕೈ ಬೆನ್ನಲ್ಲಿ ಇದ್ದಷ್ಟು ಹೊತ್ತು ನನಗೆ ಹಾವು ಕಚ್ಚಿದ್ದೇ ಹಿತ ಅನ್ನಿಸಿತು ಪಂಕಜಾ" ಎಂದಳು ಅಕ್ಕ. ಅಳಲಿಲ್ಲ. ಅಂದು ಮಧ್ಯಾಹ್ನ ನಾನು ಸಿಟ್ಟಿನಿಂದ ಅವಳ ಬಟ್ಟಲಿಗೆ ನಾಲ್ಕು ಸೌಟು ಅನ್ನ ಸುರಿದು, "ತಿನ್ನು, ಈ ಎಂಟು ದಿನದಲ್ಲಿ ಎಷ್ಟಾಗುತ್ತದೋ ಅಷ್ಟು ತಿನ್ನು, ಅವರ ಮೆಣಸು ಖಾಲಿಯಾಗಲಿ" ಎಂದೆ. ಅವಳು ಮೂರು ಸೌಟು ತೆಗೆದು ಪಾತ್ರೆಗೆ ಹಾಕಿ, ಉಳಿದದ್ದನ್ನು ನಿಧಾನಕ್ಕೆ ಉಂಡಳು.

ತುಲಾ ಸಂಕ್ರಮಣದ ಮುನ್ನಾದಿನ ಭಾವ, "ನಾಳೆ ದೇವಸ್ಥಾನಕ್ಕೆ ಹೋಗಲಿಕ್ಕುಂಟು, ನಿನ್ನ ಹೆಸರಲ್ಲಿ ಒಂದು ಹರಕೆ" ಎಂದು ಸಣ್ಣ ಸಂಗತಿಯ ಹಾಗೆ ಹೇಳಿದರು. ಅಕ್ಕ ಆಯಿತು ಎಂದಳು. ಮರುದಿನ ಅವಳು ತಲೆಯ ಮೇಲೆ ಒಂದು ಬುಟ್ಟಿ ಹೊತ್ತು ಹೊರಟಳು, ಮೇಲೆ ಬಾಳೆಎಲೆ ಮುಚ್ಚಿತ್ತು. ಮೆಣಸಿನ ಗೋಣಿಯನ್ನು ಚನಿಯನೂ ಮತ್ತೊಬ್ಬ ಆಳೂ ಸೇರಿ ಗಾಡಿಯಲ್ಲಿ ಮೊದಲೇ ಸಾಗಿಸಿದ್ದರು.

"ಎಂತ ಅದು ಬುಟ್ಟಿಯಲ್ಲಿ?" ಭಾವ ಕೇಳಿದರು.

"ದೇವರಿಗೆ ಕೊಡಲಿಕ್ಕುಂಟು."

ಭಾವನಿಗೆ ಸಂತೋಷವಾಯಿತು. ಮುಂದೆ ನಡೆದರು. ಒಂದು ಮೈಲು ದಾರಿ, ನಡುವೆ ಒಂದು ಏರು. ಒಂದೂಮುಕ್ಕಾಲು ಮಣದ ಹೊಳೆಕಲ್ಲು ತಲೆಯ ಮೇಲಿಟ್ಟುಕೊಂಡು ಅಕ್ಕ ಒಮ್ಮೆಯೂ ನಿಲ್ಲಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ಒಂದು ವರ್ಷ ಹಿಂದೆ ಬರಿಗೈಯಲ್ಲಿ ಗುಡ್ಡೆಯ ಅರ್ಧಕ್ಕೆ ಕೂತವಳು ಇವಳೇ.

ದೇವಸ್ಥಾನದ ಗೋಪುರದೊಳಗೆ ತಕ್ಕಡಿ ಕಟ್ಟಿದ್ದರು. ಸಂಕ್ರಮಣದ ಪೂಜೆಗೆ ಬಂದ ಹತ್ತಿಪ್ಪತ್ತು ಜನ ಸುತ್ತ ನಿಂತಿದ್ದರು. ಭಟ್ಟರು ಪ್ರಾರ್ಥನೆ ಮಾಡಿ ಅಕ್ಕನನ್ನು ಒಂದು ಹಲಗೆಯ ಮೇಲೆ ಕೂರಿಸಿದರು. ಇನ್ನೊಂದಕ್ಕೆ ಗೋಣಿ ಇಟ್ಟರು. ಹಲಗೆಗಳು ಒಂದು ಗಳಿಗೆ ಮೇಲೆ ಕೆಳಗೆ ಆಗಿ ಸಮಕ್ಕೆ ಬಂದು ನಿಂತವು. ಭಾವನ ತೂಕ ಅಷ್ಟು ಕರಾರುವಾಕ್ಕು. ಅವರ ಮುಖದ ಮೇಲಿನ ಸಮಾಧಾನ ನೋಡಬೇಕಿತ್ತು ನೀವು.

"ಪಂಕಜಾ, ಕೊಡು" ಎಂದಳು ಅಕ್ಕ.

ನಾನು ಬುಟ್ಟಿಯ ಎಲೆ ತೆಗೆದು, ಎರಡೂ ಕೈಯಲ್ಲಿ ಚೀಲ ಎತ್ತಿ ಅವಳ ಮಡಿಲಿಗಿಟ್ಟೆ. ಅವಳು ಕೂತ ಹಲಗೆ ಇಳಿದು ನೆಲಕ್ಕೆ ತಾಗಿತು. ಗೋಣಿ ಮೇಲೆ ನೇತಾಡಿತು.

ಚೀಲದ ಗುರುತು ಭಾವನಿಗೆ ಸಿಕ್ಕಿತು. "ಇದೆಂತ ಹುಚ್ಚು! ಕೆಳಗಿಡು" ಎಂದರು.

"ಎಂತಮ್ಮ ಅದು?" ಭಟ್ಟರು ಕೇಳಿದರು.

"ನಾನೇ," ಎಂದಳು ಅಕ್ಕ. "ಹರಕೆ ಹೇಳಿದ ದಿನ ದೇವರು ಉಳಿಸಿಕೊಟ್ಟದ್ದು ಆರೂವರೆ ಮಣದ ರಾಜೀವಿಯನ್ನು. ಆಮೇಲೆ ಇಳಿದದ್ದು ಇದರಲ್ಲಿ ಉಂಟು. ತೂಗಿ ತೆಗೆದಿಟ್ಟವರು ಇವರೇ, ಬೇಕಾದರೆ ಕೇಳಿ. ದೇವರ ಪಾಲಿನದ್ದನ್ನು ನಾನು ಹುರುಳಿನೀರು ಕುಡಿದು ಕದ್ದ ಹಾಗೆ ಆಗಬಾರದು."

ಭಟ್ಟರು ಭಾವನನ್ನು ನೋಡಿದರು. ಎಲ್ಲರೂ ನೋಡಿದರು. ಆಮೇಲೆ ನಡೆದದ್ದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಭಾವ ನಕ್ಕರು. ಶಾಲು ಸರಿಮಾಡಿಕೊಂಡು, "ಹೌದು ಭಟ್ಟರೇ, ಅದಕ್ಕೇ ನಾನು ಆ ಕಲ್ಲುಗಳನ್ನು ತೆಗೆದಿಡಿಸಿದ್ದು. ಹರಕೆ ಅಂದರೆ ಹರಕೆ. ಉಳಿದ ಮೆಣಸು ಈಗ ತರಿಸುತ್ತೇನೆ" ಎಂದರು. ಸುತ್ತಲಿನವರು 'ಭೇಷ್' ಎಂದರು. ಯಾರೋ ಹೆಂಗಸು ಕಣ್ಣೊರೆಸಿಕೊಂಡಳು. ಅಕ್ಕನ ಕೈಯಲ್ಲಿ ಉಳಿದಿದ್ದ ಒಂದು ಸತ್ಯವನ್ನೂ ಅವರು ಅಲ್ಲಿಯೇ ತಮ್ಮ ಹೆಸರಿಗೆ ಮಾಡಿಕೊಂಡರು. ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಅಕ್ಕ ಕಣ್ಣಿನಲ್ಲೇ ಬೇಡ ಎಂದಳು.

ಚನಿಯ ಮನೆಗೆ ಹೋಗಿ ಮೆಣಸು ತರುವವರೆಗೆ ಅವಳು ತಕ್ಕಡಿಯಿಂದ ಇಳಿಯಲಿಲ್ಲ. ಮಡಿಲಲ್ಲಿ ಚೀಲ ಹಿಡಿದು, ಕಣ್ಣು ಮುಚ್ಚಿ, ನೆಲಕ್ಕೆ ತಾಗಿದ ಹಲಗೆಯ ಮೇಲೆ ಕೂತೇ ಇದ್ದಳು. ಮೆಣಸು ಬಂತು. ಹಲಗೆ ಮೇಲೆದ್ದಿತು. ತುಲಾಭಾರ ಮುಗಿಯಿತು.

ಬರುವಾಗ ಭಾವ ಮುಂದೆ, ನಾವು ಹಿಂದೆ. ನಾನು ಇಡೀ ದಾರಿ ಮೆಣಸಿನ ಮಾತೇ ಆಡಿ ಆಡಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ಅಕ್ಕ ನಡುವೆ ತಡೆದಳು.

"ಮೆಣಸು ಹೋಗಲಿ ಪಂಕಜಾ. ಒಂದು ವರ್ಷ ಬೆಳಿಗ್ಗೆ ಬೆಳಿಗ್ಗೆ ನಡೆದರಲ್ಲ, ಕತೆ ಹೇಳಿಕೊಂಡು, ನನ್ನ ಕತೆ ಕೇಳಿಕೊಂಡು. ಅವರು ಯಾರ ಒಟ್ಟಿಗೆ ನಡೆದದ್ದು? ನನ್ನ ಒಟ್ಟಿಗಾ, ಆ ಗೋಣಿಯ ಒಟ್ಟಿಗಾ?"

ನನಗೆ ಉತ್ತರ ಗೊತ್ತಿತ್ತು. ಅವಳಿಗೆ ಮಾತ್ರ ಇನ್ನೂ ಒಂದು ಆಸೆ ಉಳಿದಿತ್ತು ಎಂದು ನನಗೆ ಮರುದಿನ ತಿಳಿಯಿತು.

ಮುಂದಿನದ್ದನ್ನು ಊರು ಹೇಳುವುದು ಸರಿಯೇ. ಅಕ್ಕ ಮತ್ತೆ ತೋರವಾಗಲಿಲ್ಲ. ಇಪ್ಪತ್ತೇಳು ವರ್ಷ, ಸಾಯುವ ಹಿಂದಿನ ತಿಂಗಳವರೆಗೆ, ಆ ಗುಡ್ಡೆ ಹತ್ತಿ ಇಳಿದಳು. ಅರುವತ್ತನೆಯ ವಯಸ್ಸಿನಲ್ಲೂ ತೋಡು ಹಾರುತ್ತಿದ್ದಳು. ಯಾರೋ ಒಬ್ಬರು ಒಟ್ಟಿಗಿದ್ದಾರೆ ಎಂದು ಶುರುಮಾಡಿದ್ದನ್ನು ಯಾರೂ ಇಲ್ಲದೆ ಮುಂದುವರಿಸಿದಳು. ಹೇಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ದೊಡ್ಡ ಮನಸ್ಸಿನವರು ಕೆಲವರು ನನಗೆ ಬುದ್ಧಿ ಹೇಳಿದ್ದುಂಟು. ಮೆಣಸಿನ ಆಸೆಗೇ ಶುರುವಾಗಿರಬಹುದು, ನಡೆಯುತ್ತಾ ನಡೆಯುತ್ತಾ ಆಳ್ವರಿಗೂ ಪ್ರೀತಿ ಹುಟ್ಟಿರಬಹುದಲ್ಲ ಎಂದು. ಅವರಿಗೆ ನಾನು ಹೇಳುವುದು ಆ ಮರುದಿನದ ಬೆಳಿಗ್ಗೆಯ ಸಂಗತಿ.

ಕೋಳಿ ಕೂಗುವ ಹೊತ್ತಿಗೆ ನಾನು ಎದ್ದು ಬಂದರೆ ಅಕ್ಕ ಅಂಗಳದಲ್ಲಿ ನಿಂತಿದ್ದಳು. ನೆರಿಗೆ ಸಿಕ್ಕಿಸಿಕೊಂಡು, ತಲೆ ಬಾಚಿಕೊಂಡು, ಒಂದು ಹೊಸ ರವಕೆ ತೊಟ್ಟುಕೊಂಡು. ಭಾವನ ಚಪ್ಪಲಿಯನ್ನು ಮೆಟ್ಟಿಲ ಬಳಿ ಜೋಡಿಸಿ ಇಟ್ಟಿದ್ದಳು. ಊರುಗೋಲನ್ನು ಕಂಬಕ್ಕೆ ಒರಗಿಸಿದ್ದಳು. ಅವಳ ಕಣ್ಣು ಚಾವಡಿಯ ಬಾಗಿಲ ಮೇಲೆಯೇ ಇತ್ತು. ಗದ್ದೆಯಾಚೆ ಬೆಳಕು ಹರಿಯಿತು. ಒಳಗಿನಿಂದ ಭಾವನ ಗೊರಕೆ ಕೇಳುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಎಬ್ಬಿಸುತ್ತೇನೆ ಎಂದು ಬಾಗಿಲಿಗೆ ಕೈಹಾಕಿದೆ.

"ಬೇಡ," ಎಂದಳು ಅಕ್ಕ. "ಮಲಗಲಿ. ಅವರ ಕೆಲಸ ಮುಗಿಯಿತಲ್ಲ."

ಚಪ್ಪಲಿಯನ್ನು ಎತ್ತಿ ಜಗಲಿಯ ಮೂಲೆಗಿಟ್ಟು ಅವಳು ಗದ್ದೆಗೆ ಇಳಿದು ಹೋದಳು. ಬಿಸಿಲು ಅಂಗಳಕ್ಕೆ ಬಂದ ಮೇಲೆ ಭಾವ ಕಣ್ಣುಜ್ಜಿಕೊಂಡು ಹೊರಗೆ ಬಂದರು. ಅಂಗಳ ನೋಡಿದರು, ಆಕಾಶ ನೋಡಿದರು, ನನ್ನನ್ನು ನೋಡಿ ಕೇಳಿದರು:

"ಕಾಫಿ ಆಯಿತಾ ಪಂಕಜಾ?"